ಪ್ರೋಗ್ರಾಮಿಂಗ್ ನಮ್ಮ ಶಾಲೆಯ ಮಕ್ಕಳಿಗೂ ಬೇಕು

(ಶ್ರೀಮಠದ ಆವರಣದಲ್ಲಿ ನಡೆದ ಶಿಕ್ಷಕರ ಮತ್ತು ಪಾಲಕರ ಸಭೆಯಲ್ಲಿ ನಿವೃತ್ತ ನೀರಾವರಿ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ "ಕಂಪ್ಯೂಟರ್ ಶಿಕ್ಷಣ ಮತ್ತು ಉದ್ಯೋಗಾವಕಾಶ". ಅದರಲ್ಲಿ ಎರಡನೆಯ ಅರ್ಧವನ್ನು ನಾನು ಬಿಟ್ಟುಬಿಡುತ್ತೇನೆ, ಸಂಘಟಕರು ಕ್ಷಮಿಸಬೇಕು. ಉದ್ಯೋಗದ ಬಗ್ಗೆ ಭರವಸೆ ಕೊಡುವವರು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆರನೇ ತರಗತಿಯ ಮಗುವಿಗೆ ಕೋಡಿಂಗ್ ಕಲಿಸಿದರೆ ಮುಂದೆ ಇಷ್ಟು ಲಕ್ಷ ಸಂಬಳ ಎಂದು ಕರಪತ್ರ ಹಂಚುವವರನ್ನು ನೀವೂ ನೋಡಿದ್ದೀರಿ. ಆ ಮಗು ಕೆಲಸಕ್ಕೆ ಸೇರುವ ಹೊತ್ತಿಗೆ ಇನ್ನೂ ಹತ್ತು ಹನ್ನೆರಡು ವರ್ಷ ಆಗಿರುತ್ತದೆ. ಆಗ ಯಾವ ಕೆಲಸ ಇರುತ್ತದೆ, ಯಾವುದು ಇರುವುದಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ನಾನು ಮಾತನಾಡುವುದು ಮೊದಲ ಅರ್ಧದ ಬಗ್ಗೆ, ಅದರಲ್ಲೂ ಪ್ರೋಗ್ರಾಮಿಂಗ್ ಬಗ್ಗೆ. ಅದು ಗಣಿತ, ವಿಜ್ಞಾನದ ಹಾಗೆ ಶಾಲೆಯ ಪಾಠಪಟ್ಟಿಯಲ್ಲಿಯೇ ಇರಬೇಕು, ನಮ್ಮ ಮಠದ ಶಾಲೆಗಳಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೂ ಇರಬೇಕು ಎಂಬುದು ನನ್ನ ಮಾತು.

ಮೊದಲು ಒಂದು ಗೊಂದಲ ತೆಗೆದುಹಾಕೋಣ. ಕಂಪ್ಯೂಟರ್ ಕಲಿಯುವುದು ಎಂದರೆ ನಮ್ಮಲ್ಲಿ ಬಹಳ ಜನರಿಗೆ ಟೈಪ್ ಮಾಡುವುದು, ಅರ್ಜಿ ಬರೆಯುವುದು, ಚಿತ್ರ ಅಂಟಿಸುವುದು. ಅದೂ ಬೇಕು, ಬೇಡ ಎನ್ನುವುದಿಲ್ಲ. ಆದರೆ ಅದು ಬೇರೆಯವರು ಮಾಡಿಟ್ಟ ಸಾಧನವನ್ನು ಬಳಸುವ ಕೆಲಸ. ಪ್ರೋಗ್ರಾಂ ಬರೆಯುವುದು ಎಂದರೆ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ, ಯಾವ ಹೆಜ್ಜೆಯನ್ನೂ "ಅದು ಗೊತ್ತೇ ಇದೆಯಲ್ಲ" ಎಂದು ನುಂಗದೆ, ಹೇಳಿ ಮುಗಿಸುವುದು. ಕೇಳಿಸಿಕೊಳ್ಳುವ ಯಂತ್ರಕ್ಕೆ ಏನೂ ಗೊತ್ತಿರುವುದಿಲ್ಲ. ಸಂಕೋಚವೂ ಇರುವುದಿಲ್ಲ. ನಾವು ಹೇಳಿದ್ದನ್ನೇ ಮಾಡುತ್ತದೆ, ನಮ್ಮ ಮನಸ್ಸಿನಲ್ಲಿದ್ದದ್ದನ್ನು ಮಾಡುವುದಿಲ್ಲ.

ನಾನು ಇದನ್ನು ಮೊದಲು ಕಲಿತದ್ದು ಕಂಪ್ಯೂಟರಿನ ಮುಂದೆ ಅಲ್ಲ, ಹೊಲದ ಬದುವಿನ ಮೇಲೆ. ಕಾಲುವೆ ತೋಡುವ ಮೊದಲು ನೆಲದ ಮಟ್ಟ ತೆಗೆಯುತ್ತೇವೆ. ಮುಕ್ಕಾಲಿಯ ಮೇಲೆ ಉಪಕರಣ, ದೂರದಲ್ಲಿ ಒಬ್ಬ ಅಳತೆಕೋಲು ಹಿಡಿದು ನಿಲ್ಲುತ್ತಾನೆ. ನೋಡಿದ ಅಂಕಿಗಳನ್ನು ಲೆವೆಲ್ ಪುಸ್ತಕದಲ್ಲಿ ಸಾಲಾಗಿ ಬರೆದು, ಕೂಡಿ ಕಳೆದು ಪ್ರತಿ ಬಿಂದುವಿನ ಎತ್ತರ ಕಂಡುಕೊಳ್ಳುತ್ತೇವೆ. ಪ್ರತಿ ಪುಟದ ಕೆಳಗೆ ಒಂದು ತಾಳೆ ಇರುತ್ತದೆ. ಬ್ಯಾಕ್‌ಸೈಟ್‌ಗಳ ಮೊತ್ತದಿಂದ ಫೋರ್‌ಸೈಟ್‌ಗಳ ಮೊತ್ತ ಕಳೆದರೆ ಬರುವ ಅಂಕಿ, ಕೊನೆಯ ಬಿಂದುವಿನ ಎತ್ತರದಿಂದ ಮೊದಲ ಬಿಂದುವಿನ ಎತ್ತರ ಕಳೆದರೆ ಬರುವ ಅಂಕಿಗೆ ಸಮ ಇರಬೇಕು. ಇಲ್ಲದಿದ್ದರೆ ಆ ಪುಟ ತಪ್ಪು. ಸಾಹೇಬರು ಬಂದು ಬೈಯಬೇಕಾಗಿಲ್ಲ, ಪುಟವೇ ಹೇಳುತ್ತದೆ. ಇನ್ನೊಂದು ಮಾತೂ ಇದೆ. ಈ ತಾಳೆ ಹಿಡಿಯುವುದು ಕೂಡಿ ಕಳೆಯುವ ತಪ್ಪನ್ನು ಮಾತ್ರ. ಕೋಲಿನ ಮೇಲೆ 1.65 ಇದ್ದದ್ದನ್ನು 1.56 ಎಂದು ಓದಿದ್ದರೆ ತಾಳೆ ಸರಿಯಾಗಿಯೇ ಬರುತ್ತದೆ, ಕಾಲುವೆ ಮಾತ್ರ ತಪ್ಪಾಗುತ್ತದೆ. ಅದನ್ನು ಹಿಡಿಯಬೇಕಾದರೆ ಹೊರಟ ಬೆಂಚ್‌ಮಾರ್ಕಿಗೇ ತಿರುಗಿ ಬಂದು ಮಟ್ಟ ಮುಚ್ಚಬೇಕು. ಯಾವ ಪರೀಕ್ಷೆ ಏನನ್ನು ಪರೀಕ್ಷಿಸುತ್ತದೆ, ಏನನ್ನು ಪರೀಕ್ಷಿಸುವುದಿಲ್ಲ ಎಂದು ತಿಳಿದಿರಬೇಕು. ಪ್ರೋಗ್ರಾಮಿಂಗ್‌ನ ಅರ್ಧ ವಿದ್ಯೆ ಇಷ್ಟೇ.

ಉಳಿದ ಅರ್ಧಕ್ಕೂ ಕಾಲುವೆಯದೇ ಉದಾಹರಣೆ. ಕಾಲುವೆಯ ಅಗಲ 3 ಮೀಟರ್, ಇಳಿಜಾರು 2500ಕ್ಕೆ 1, ಕಾಂಕ್ರೀಟಿನ ಒರಟುತನದ ಅಂಕಿ 0.015. ಸೆಕೆಂಡಿಗೆ 3.2 ಘನ ಮೀಟರ್ ನೀರು ಹರಿಯಬೇಕು. ನೀರಿನ ಆಳ ಎಷ್ಟಿರುತ್ತದೆ? ಮ್ಯಾನಿಂಗ್ ಸೂತ್ರ ಇದೆ, ಆದರೆ ಅದರಲ್ಲಿ ಆಳ ಎರಡು ಮೂರು ಕಡೆ ಅಡಗಿ ಕುಳಿತಿರುವುದರಿಂದ ನೇರವಾಗಿ ಉತ್ತರ ಬರುವುದಿಲ್ಲ. ಊಹಿಸಬೇಕು. ಆಳ 1 ಮೀಟರ್ ಎಂದುಕೊಂಡರೆ ನೀರು 2.85 ಬರುತ್ತದೆ, ಸಾಲದು. 1.2 ಎಂದರೆ 3.66, ಹೆಚ್ಚಾಯಿತು. ನಡುವೆ 1.1 ಇಟ್ಟರೆ 3.25. ಇನ್ನೂ ಸ್ವಲ್ಪ ಇಳಿಸಿ 1.09 ಎಂದರೆ 3.21. ಸಾಕು, ನಿಲ್ಲಿಸಬಹುದು. ಊಹೆ ಮಾಡು, ಲೆಕ್ಕ ಹಾಕು, ಗುರಿಗೆ ಹೋಲಿಸು, ತಿದ್ದು, ಮತ್ತೆ ಮಾಡು. ಎಲ್ಲಿ ನಿಲ್ಲಬೇಕೆಂಬುದನ್ನೂ ಮೊದಲೇ ಹೇಳಿಡು. ಇದನ್ನು ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಕಾಲೇಜಿನಲ್ಲಿ ಇದನ್ನೇ ಫೋರ್ಟ್ರಾನ್ ಭಾಷೆಯಲ್ಲಿ ರಟ್ಟಿನ ಕಾರ್ಡಿಗೆ ತೂತು ಹೊಡೆದು ಕೊಡುತ್ತಿದ್ದೆವು. ಒಂದು ಕಾರ್ಡಿಗೆ 80 ಕಾಲಂ, ವಾಕ್ಯ 7ನೇ ಕಾಲಮಿನಿಂದಲೇ ಶುರುವಾಗಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೆ ಮರುದಿನ ಗೊತ್ತಾಗುತ್ತಿತ್ತು. ಮಗ್ಗದ ಮೇಲೆ ಜಕಾರ್ಡ್ ಕೂಡಿಸಿದ ಮನೆಯವರು ಇಲ್ಲಿದ್ದರೆ ಅವರಿಗೆ ಇದು ಹೊಸದಲ್ಲ. ಅಲ್ಲಿಯೂ ರಟ್ಟು, ಅಲ್ಲಿಯೂ ತೂತು. ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದಿಂದ ಪ್ರಸಾದ ನಿಲಯದ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳ ಜೊತೆ, ಹತ್ತಿರದ ಓಣಿಯಿಂದ ಬರುವ ನಾಲ್ಕಾರು ಹೆಣ್ಣುಮಕ್ಕಳ ಜೊತೆ ಶನಿವಾರ ಸಂಜೆ ಕೂಡುತ್ತಿದ್ದೇನೆ. ನಾನು ಕೊಟ್ಟ ಒಂದು ಲೆಕ್ಕದ ಕಥೆ ಹೇಳುತ್ತೇನೆ.

ತೂಬಿನ ಕೆಳಗೆ 100 ಎಕರೆ ಇದೆ, ಹದಿನೆಂಟು ಜನ ರೈತರು. ವಾರಬಂದಿ ಪದ್ಧತಿಯಲ್ಲಿ ವಾರದ 168 ಗಂಟೆಯನ್ನು ಎಕರೆವಾರು ಹಂಚಬೇಕು. ಅಂದರೆ ಎಕರೆಗೆ 1 ಗಂಟೆ 40 ನಿಮಿಷ 48 ಸೆಕೆಂಡು. ಸೋಮವಾರ ಬೆಳಗ್ಗೆ 6ಕ್ಕೆ ಮೊದಲನೆಯವನ ಪಾಳಿ ಶುರು. ಪ್ರತಿಯೊಬ್ಬರ ಹೆಸರಿನ ಮುಂದೆ ಯಾವ ದಿನ ಎಷ್ಟು ಗಂಟೆಗೆ ನೀರು ತಿರುಗಿಸಿಕೊಳ್ಳಬೇಕು, ಎಷ್ಟು ಗಂಟೆಗೆ ಬಿಡಬೇಕು ಎಂಬ ಪಟ್ಟಿ ಬರಬೇಕು. ಪೈಥಾನ್‌ನಲ್ಲಿ ಬರೆಯಿರಿ ಎಂದೆ.

ಮೊದಲ ಶನಿವಾರ ಬಂದ ಪಟ್ಟಿಯಲ್ಲಿ ಒಬ್ಬ ರೈತನ ಪಾಳಿ "ಸೋಮವಾರ 27 ಗಂಟೆ"ಗೆ ಇತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬ ಹುಡುಗ 24ರಿಂದ ಭಾಗಿಸಿ ಶೇಷ ತೆಗೆದರೆ ಗಂಟೆ ಬರುತ್ತದೆ, ಭಾಗಲಬ್ಧ ದಿನ ಆಗುತ್ತದೆ ಎಂದ. ನಾಲ್ಕನೇ ತರಗತಿಯಲ್ಲಿ ಕಲಿತ ಶೇಷ ಅವನಿಗೆ ಕೆಲಸಕ್ಕೆ ಬಂದದ್ದು ಅಂದೇ ಮೊದಲು. ಎರಡನೇ ಶನಿವಾರ ಎಲ್ಲರ ಪಾಳಿ ಕೂಡಿಸಿ ನೋಡಲು ಹೇಳಿದೆ. ಲೆವೆಲ್ ಪುಸ್ತಕದ ತಾಳೆ ಇದ್ದ ಹಾಗೆ. 168 ಗಂಟೆ ಬರಬೇಕಾದ ಕಡೆ 167 ಗಂಟೆ 51 ನಿಮಿಷ ಬಂತು. ಒಂಬತ್ತು ನಿಮಿಷ ನೀರು ಎಲ್ಲಿ ಹೋಯಿತು? ಹುಡುಕಿದರೆ, ಪ್ರತಿ ರೈತನ ಲೆಕ್ಕದಲ್ಲೂ ಸೆಕೆಂಡುಗಳನ್ನು ಕತ್ತರಿಸಿ ಹಾಕಿದ್ದರು. ಅರ್ಧ ನಿಮಿಷ ಯಾರ ಲೆಕ್ಕ ಎಂದು. ಹದಿನೆಂಟು ಜನರ ಅರ್ಧ ನಿಮಿಷ ಸೇರಿ ಒಂಬತ್ತು ನಿಮಿಷ. ಅದನ್ನು ತಿದ್ದಿದರು. ಈಗ ತಾಳೆ ಬಂತು, ಪಟ್ಟಿ ಅಂದವಾಗಿ ಅಚ್ಚಾಯಿತು, ಎಲ್ಲರಿಗೂ ಸಂತೋಷ.

ಆಗ ಎಂಟನೇ ತರಗತಿಯ ಒಬ್ಬ ಹುಡುಗಿ, ಅವಳ ತಂದೆಯ ಹೊಲ ಕಾಲುವೆಯ ಕೊನೆಯಲ್ಲಿದೆ, ಎದ್ದು ನಿಂತು ಕೇಳಿದಳು: "ಅಜ್ಜಾರೆ, ಮೇಲಿನವರು ನೀರು ಬಿಟ್ಟ ಮೇಲೆ ನಮ್ಮ ಹೊಲಕ್ಕ ಬರಾಕ ಮುಕ್ಕಾಲು ತಾಸು ಬೇಕು. ಆ ಮುಕ್ಕಾಲು ತಾಸು ಯಾರ ಲೆಕ್ಕದಾಗ ಐತ್ರಿ?"

ಬಂಧುಗಳೇ, ಮೂವತ್ತು ವರ್ಷಕ್ಕೂ ಹೆಚ್ಚು ನಾನು ಕಾಲುವೆಯ ಮೇಲೆ ಕೆಲಸ ಮಾಡಿದ್ದೇನೆ. ಕೊನೆ ಭಾಗದ ರೈತರು ಕಚೇರಿಯ ಮುಂದೆ ಧರಣಿ ಕುಳಿತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಇಡೀ ದೂರನ್ನು ಇಷ್ಟು ನೇರವಾಗಿ ಒಂದು ಮಾತಿನಲ್ಲಿ ಇಟ್ಟವರನ್ನು ನೋಡಿರಲಿಲ್ಲ. ಅವಳ ತಂದೆಗೆ ಎರಡು ಎಕರೆ. ಪಟ್ಟಿಯ ಪ್ರಕಾರ 3 ಗಂಟೆ 21 ನಿಮಿಷ 36 ಸೆಕೆಂಡು. ಕಾಲುವೆ ತುಂಬಲು ಮುಕ್ಕಾಲು ಗಂಟೆ ಹೋದರೆ ಅವನ ಬೆಳೆ ಕಾಣುವ ನೀರು 2 ಗಂಟೆ 36 ನಿಮಿಷದ್ದು. ಪ್ರೋಗ್ರಾಂನಲ್ಲಿ ದೋಷ ಇರಲಿಲ್ಲ, ತಾಳೆಯೂ ಸರಿ ಇತ್ತು. ಎಕರೆ ಸಮ ಎಂದರೆ ನೀರು ಸಮ ಎಂದು ನಾವು ಅಂದುಕೊಂಡಿದ್ದೆವು, ಆ ಅಂದಾಜು ಲೆಕ್ಕದೊಳಗೆ ಕಾಣದಂತೆ ಕುಳಿತಿತ್ತು. ಪಂಜಾಬ್, ಹರಿಯಾಣದ ಹಳೆಯ ವಾರಬಂದಿ ನಿಯಮಗಳಲ್ಲಿ ಕಾಲುವೆ ತುಂಬುವ ಹೊತ್ತಿಗೆ "ಭರಾಯಿ" ಎಂಬ ಹೆಸರೇ ಇದೆ, ಅದನ್ನು ಬೇರೆಯಾಗಿ ಲೆಕ್ಕ ಹಿಡಿಯುತ್ತಾರೆ.

ಮಕ್ಕಳು ಪಟ್ಟಿಗೆ ಒಂದು ಕಲಂ ಸೇರಿಸಿದರು. ಎಲ್ಲರ ಭರಾಯಿ ಸೇರಿ 8 ಗಂಟೆ ಎಂದು ಇಟ್ಟುಕೊಂಡರು. ಉಳಿದ 160 ಗಂಟೆ ಹಂಚಿದರೆ ಎಕರೆಗೆ 1 ಗಂಟೆ 36 ನಿಮಿಷ. ಹುಡುಗಿಯ ತಂದೆಗೆ ಭರಾಯಿ ಬಿಟ್ಟು 3 ಗಂಟೆ 12 ನಿಮಿಷ ನಿಜವಾದ ನೀರು. ತೂಬಿನ ಬಾಯಲ್ಲಿ ಐದು ಎಕರೆ ಇರುವವನ ಮಗನೂ ಅದೇ ತರಗತಿಯಲ್ಲಿದ್ದ. ಅವನ ಮನೆಯ ಪಾಳಿ 8 ಗಂಟೆ 24 ನಿಮಿಷದಿಂದ 8 ಗಂಟೆಗೆ ಇಳಿಯಿತು. ಅವನು ಸುಮ್ಮನೆ ಬಿಡಲಿಲ್ಲ. ನಮ್ಮಪ್ಪ ರಾತ್ರಿ ಪಾಳಿ ಕಾಯುತ್ತಾನೆ, ಅದಕ್ಕೆ ಏನು ಲೆಕ್ಕ ಎಂದ. ಒಂದು ತಾಸು ವಾದ ನಡೆಯಿತು. ವಾದದಲ್ಲಿ ಅಂಕಿ ಇತ್ತು, ಕೂಗಾಟ ಇರಲಿಲ್ಲ. ರಾತ್ರಿ ಪಾಳಿ ಒಬ್ಬರ ಮೇಲೇ ಬೀಳದ ಹಾಗೆ ವಾರ ವಾರ ಹನ್ನೆರಡು ತಾಸು ಮುಂದೆ ಸರಿಸುವ ಸಾಲನ್ನು ಅವರೇ ಬರೆದರು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಇಂದು ಹಳ್ಳಿಯ ಬದುಕಿನ ಎಷ್ಟೋ ತೀರ್ಮಾನಗಳು ಪ್ರೋಗ್ರಾಂ ಒಳಗೆ ಆಗುತ್ತಿವೆ. ಪಡಿತರ, ಪಿಂಚಣಿ, ವಿದ್ಯಾರ್ಥಿವೇತನ, ಬೆಳೆ ವಿಮೆ, ಪಹಣಿ. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದು ದೊಡ್ಡ ಕೆಲಸ, ಒಳ್ಳೆಯ ಕೆಲಸ. ಕೈಬರಹದ ಪಹಣಿಗಾಗಿ ರೈತ ಎಷ್ಟು ಸಲ ಅಲೆಯುತ್ತಿದ್ದ ಎಂದು ನನ್ನ ವಯಸ್ಸಿನವರಿಗೆ ಗೊತ್ತು. ಆದರೆ ಇಂದು ಒಂದು ಕಿಂಡಿಯ ಮುಂದೆ ನಿಂತರೆ ಸಿಗುವ ಉತ್ತರ ಏನು? "ಕಂಪ್ಯೂಟರ್ ತಗೊಳ್ತಾ ಇಲ್ಲ". ನನ್ನ ಪರಿಚಯದ ಹಿರಿಯರೊಬ್ಬರಿಗೆ ಒಂದು ಸಹಾಯಧನ ಎರಡು ವರ್ಷ ಬರಲಿಲ್ಲ. ಒಂದು ದಾಖಲೆಯಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವಪ್ಪ. ಊರಿಗೆಲ್ಲ ಅವರು ಒಬ್ಬರೇ. ಯಂತ್ರಕ್ಕೆ ಇಬ್ಬರು. ಕಚೇರಿಯವರು ಸರ್ವರ್ ಸಮಸ್ಯೆ ಎಂದರು, ನಾಳೆ ಬನ್ನಿ ಎಂದರು.

ನಮ್ಮ ಶನಿವಾರದ ಮಕ್ಕಳಿಗೆ ಈ ಎರಡು ಹೆಸರು ಕೊಟ್ಟು ಸಮ ಇವೆಯೇ ಎಂದು ಪೈಥಾನ್‌ಗೆ ಕೇಳಿಸಿದೆ. ಇಲ್ಲ ಎಂದಿತು. ಮಕ್ಕಳಿಗೆ ತಕ್ಷಣ ಗೊತ್ತಾಯಿತು, ಇದು ಸರ್ವರ್ ಕೆಟ್ಟಿರುವುದಲ್ಲ, ಅಕ್ಷರಕ್ಕೆ ಅಕ್ಷರ ಹೋಲಿಸು ಎಂದು ಯಾರೋ ಬರೆದ ನಿಯಮ. ನಿಯಮವನ್ನು ಮನುಷ್ಯರು ಬರೆದಿದ್ದಾರೆ ಎಂದ ಮೇಲೆ ಬದಲಿಸಲೂಬಹುದು, ವಿನಾಯಿತಿಯ ದಾರಿ ಇಡಲೂಬಹುದು. ಹಾಗೆ ಕೇಳಲು ಮೊದಲು ಅಷ್ಟು ಗೊತ್ತಿರಬೇಕು. ಗೊತ್ತಿಲ್ಲದವನು ಕಿಂಡಿಯ ಮುಂದೆ ಕೈ ಮುಗಿದು ನಿಲ್ಲುತ್ತಾನೆ. ಹಿಂದೆ ಓದು ಬರಹ ಬಾರದವನು ಶಾನುಭೋಗರ ಮುಂದೆ ನಿಲ್ಲುತ್ತಿದ್ದನಲ್ಲ, ಹಾಗೆ. ಓದು ಬರಹ ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಮಠಗಳು ಊರೂರಲ್ಲಿ ಶಾಲೆ, ಪ್ರಸಾದ ನಿಲಯ ಯಾಕೆ ತೆರೆದವು ಎಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಈ ಓದು ಬರಹವೂ ಈಗ ದುಡ್ಡು ಕೊಟ್ಟವರಿಗೆ ಮಾತ್ರ ಸಿಗುತ್ತಿದೆ. ಪಾಠಪಟ್ಟಿಯಲ್ಲೇ ಇರಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೆ.

ಪಾಠಪಟ್ಟಿಗೆ ಸೇರಿಸಿದರೆ ಸಾಕೇ? ಸಾಲದು. ಹಿಂದೆ ಏನಾಯಿತು ನೋಡಿ. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆ ತಂದಿತು. ಮೊದಲಿಗೆ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರುಗಳನ್ನು ಕೊಟ್ಟರು. ಆ ಕಾಲಕ್ಕೆ ಒಳ್ಳೆಯ ಯಂತ್ರ ಅದು. ಆದರೆ ಕಲಿಕೆ ದಿನದ ಪಾಠಗಳ ಹೊರಗೇ ಉಳಿಯಿತು. ಕಲಿಸುವವರಿಗೆ ಸಿಕ್ಕಿದ್ದು ಅಲ್ಪ ತರಬೇತಿ. ಯಂತ್ರ ಮೊದಲು, ಗುರು ಆಮೇಲೆ ಎಂಬ ಈ ಕ್ರಮ ನಮ್ಮಲ್ಲಿ ಆಮೇಲೂ ಎಷ್ಟೋ ಯೋಜನೆಗಳಲ್ಲಿ ಮುಂದುವರಿಯಿತು. ಬೀಗ ಹಾಕಿದ ಕಂಪ್ಯೂಟರ್ ಕೊಠಡಿ ನೋಡದ ಪಾಲಕರು ಇಲ್ಲಿ ಯಾರಾದರೂ ಇದ್ದರೆ ಅವರು ಪುಣ್ಯವಂತರು.

ಆ ಯಂತ್ರ ಹುಟ್ಟಿದ ದೇಶದಲ್ಲಿಯೂ ಮುಂದೆ ಇದೇ ಪಾಡು. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಎಂದರೆ ಬರೀ ಟೈಪಿಂಗ್ ಮತ್ತು ಸ್ಲೈಡು ಆಗಿದೆ ಎಂದು ಅಲ್ಲಿಯ ರಾಯಲ್ ಸೊಸೈಟಿ 2012ರಲ್ಲಿ ವರದಿ ಕೊಟ್ಟಿತು. 2014ರ ಸೆಪ್ಟೆಂಬರಿನಿಂದ ಇಂಗ್ಲೆಂಡ್ ಐದು ವರ್ಷದ ಮಕ್ಕಳಿಂದಲೇ ಪ್ರೋಗ್ರಾಮಿಂಗ್ ಒಳಗೊಂಡ ಹೊಸ ಪಾಠಪಟ್ಟಿ ತಂದಿತು. ಮೂರು ವರ್ಷದ ಮೇಲೆ ಅದೇ ರಾಯಲ್ ಸೊಸೈಟಿ ಮತ್ತೆ ನೋಡಿದಾಗ, ಹತ್ತನೇ ತರಗತಿಗೆ ಸಮನಾದ ಜಿಸಿಎಸ್‌ಇ ಪರೀಕ್ಷೆಗೆ ಈ ವಿಷಯವನ್ನು ಕಲಿಸುವ ಶಾಲೆಗಳು ಅರ್ಧಕ್ಕಿಂತ ಕಡಿಮೆ ಇದ್ದವು. ತೆಗೆದುಕೊಂಡ ಮಕ್ಕಳಲ್ಲಿ ಐವರಿಗೆ ಒಬ್ಬಳು ಮಾತ್ರ ಹುಡುಗಿ. ಮುಖ್ಯ ಕೊರತೆ ಶಿಕ್ಷಕರದು. ಅಷ್ಟು ಅನುಕೂಲ ಇರುವ ದೇಶದಲ್ಲಿ ಹೀಗೆ ಎಂದರೆ, ನಾವು ಆದೇಶ ಹೊರಡಿಸಿ ಕೈ ತೊಳೆದುಕೊಂಡರೆ ಏನಾದೀತು ಎಂದು ಊಹಿಸಿ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಹಂತದಲ್ಲಿ ಕೋಡಿಂಗ್ ಚಟುವಟಿಕೆ ಇರಬೇಕು ಎನ್ನುತ್ತದೆ. ಆ ವಾಕ್ಯ ನೀತಿಯಲ್ಲಿ ಇದೆ. ಶಾಲೆಗೆ ಬರಬೇಕು.

ಪಕ್ಕದ ಕೇರಳದಿಂದ ನಾವು ಕಲಿಯಬಹುದು. 2001ರಲ್ಲಿ ಶುರುವಾದ ಅವರ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸಿತು, ಹಣ ಕೊಡಬೇಕಿಲ್ಲದ ಮುಕ್ತ ತಂತ್ರಾಂಶವನ್ನೇ ಬಳಸಿತು, ಹತ್ತನೇ ತರಗತಿಯ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಮಾಡಿತು. ಅವರ ಹೈಸ್ಕೂಲು ಪುಸ್ತಕದಲ್ಲಿ ಪೈಥಾನ್ ಇದೆ. ನಮಗೆ ಇನ್ನೂ ಹತ್ತಿರದ ಸಂಗತಿ ಎಂದರೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಆ ರಾಜ್ಯ ಈ ಪುಸ್ತಕಗಳನ್ನು ಕನ್ನಡದಲ್ಲಿಯೂ ಅಚ್ಚು ಮಾಡಿಸಿದೆ. ಇದು ಕನ್ನಡದಲ್ಲಿ ಆಗುವ ಕೆಲಸವಲ್ಲ ಎನ್ನುವವರಿಗೆ ಆ ಪುಸ್ತಕ ತೋರಿಸಬೇಕು.

ಭಾಷೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಲೆಕ್ಕದ ವಿಧಾನವನ್ನು ಹೆಜ್ಜೆ ಹೆಜ್ಜೆಯಾಗಿ ಕನ್ನಡದಲ್ಲಿ ಹೇಳುವುದು ಹೊಸದಲ್ಲ. 12ನೇ ಶತಮಾನದಲ್ಲಿಯೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ. ಅದೇ ಶತಮಾನದಲ್ಲಿ ಶರಣರು ಅನುಭಾವದ ಮಾತನ್ನು ಜನರ ಮಾತಿನಲ್ಲಿ ಆಡಿದರು. ಅಷ್ಟನ್ನು ಹೊತ್ತ ಭಾಷೆಗೆ ಒಂದು ಲೂಪ್ ಭಾರವೇ? ಪೈಥಾನ್ ಭಾಷೆಯಲ್ಲಿ ಕಾಯ್ದಿಟ್ಟ ಇಂಗ್ಲಿಷ್ ಪದಗಳು 35 ಮಾತ್ರ, ಶಾಲೆಯ ಕೆಲಸಕ್ಕೆ ಹದಿನೈದು ಸಾಕು. ಉಳಿದ ಹೆಸರುಗಳನ್ನೆಲ್ಲ ಮಗು ಕನ್ನಡ ಲಿಪಿಯಲ್ಲಿಯೇ ಇಡಬಹುದು. 'ಆಳ', 'ಪಾಳಿ', 'ಎಕರೆ' ಎಂದು ಬರೆದರೆ ಪೈಥಾನ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಟೈಪ್ ಮಾಡಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇದೆ. ಆ ಹದಿನೈದು ಪದಗಳ ಅರ್ಥವನ್ನು ಕನ್ನಡದಲ್ಲಿ ಗೋಡೆಗೆ ಬರೆದು ಹಾಕಿದ್ದೇವೆ. ಎರಡು ವಾರದಲ್ಲಿ ಯಾರೂ ಗೋಡೆ ನೋಡುವುದಿಲ್ಲ. ಕಷ್ಟ ಬರುವುದು ಯಂತ್ರ ಕೊಡುವ ದೋಷದ ಸಂದೇಶಗಳಲ್ಲಿ. ಅವು ಇಂಗ್ಲಿಷಿನಲ್ಲಿ ಬರುತ್ತವೆ, ಮಗು ಹೆದರುತ್ತದೆ. ಅಲ್ಲಿ ಪಕ್ಕದಲ್ಲಿ ಒಬ್ಬ ಗುರು ಬೇಕೇ ಬೇಕು.

ಆ ಗುರು ಯಾರು? ಹೊರಗಿನಿಂದ ಗುತ್ತಿಗೆಯ ಮೇಲೆ ಬಂದು ವರ್ಷಕ್ಕೊಮ್ಮೆ ಬದಲಾಗುವವರು ಬೇಡ, ನಮ್ಮ ಗಣಿತ ಶಿಕ್ಷಕರೇ ಆಗಲಿ ಎನ್ನುತ್ತೇನೆ. ಆರನೇ ತರಗತಿಗೆ ಯಂತ್ರವೇ ಬೇಕಾಗಿಲ್ಲ. ಸೀಮೋರ್ ಪೇಪರ್ಟ್ ಎಂಬ ಗಣಿತಜ್ಞ ಮತ್ತು ಅವರ ಜೊತೆಗಾರರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಮಾಡಿದರು. ಅದರಲ್ಲಿ ಒಂದು ಆಮೆಗೆ ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು ಎಂದು ಹೇಳಿ ಚಿತ್ರ ಬರೆಸುವುದು. ನಾವು ಅದನ್ನು ಅಂಗಳದಲ್ಲಿ ಮಾಡುತ್ತೇವೆ. ಒಬ್ಬ ಹುಡುಗ ಆಮೆ, ಇನ್ನೊಬ್ಬಳು ಹೇಳುವವಳು. ಸಮಬಾಹು ತ್ರಿಭುಜ ನಡೆಸು ಎಂದರೆ ಎಲ್ಲರೂ ಮೊದಲು 60 ಡಿಗ್ರಿ ತಿರುಗಿಸುತ್ತಾರೆ, ಯಾಕೆಂದರೆ ಪುಸ್ತಕದಲ್ಲಿ ಕೋನ 60 ಎಂದಿದೆ. ಆಮೆ ಎಲ್ಲೋ ತುಳಸಿಕಟ್ಟೆಯ ಕಡೆ ಹೊರಟುಬಿಡುತ್ತದೆ. ತಿರುಗಬೇಕಾದದ್ದು 120 ಎಂದು ಅವರಿಗೆ ಕಾಲಿನಲ್ಲಿ ಗೊತ್ತಾಗುತ್ತದೆ. ಬಹಿರ್ಕೋನದ ಪಾಠ ಆಮೇಲೆ ಮಾಡಬೇಕಾಗಿಲ್ಲ. ಏಳನೇ ತರಗತಿಯಲ್ಲಿ ಸ್ಕ್ರ್ಯಾಚ್, ಎಂಟರಿಂದ ಪೈಥಾನ್ ಇಡಬಹುದು. ವಾರಕ್ಕೆ ಎರಡು ಪೀರಿಯಡ್ ಸಾಕು, ಒಂದು ಯಂತ್ರಕ್ಕೆ ಇಬ್ಬರು ಕೂರಬಹುದು. ಕಾಲು ಗಂಟೆಗೊಮ್ಮೆ ಜಾಗ ಬದಲಿಸಿ. ಇಲ್ಲದಿದ್ದರೆ ಮೌಸ್ ಹುಡುಗನ ಕೈಯಲ್ಲಿ, ನೋಟ್‌ಬುಕ್ ಹುಡುಗಿಯ ಕೈಯಲ್ಲಿ. ಪ್ರತಿ ಕೊಠಡಿಯಲ್ಲೂ ಹೀಗೇ ಆಗುತ್ತದೆ, ನೋಡಿ ಹೇಳುತ್ತಿದ್ದೇನೆ.

ಪರೀಕ್ಷೆಯ ಬಗ್ಗೆ ಒಂದು ಗಟ್ಟಿ ಮಾತು. "ಲೂಪ್ ಎಂದರೇನು? ಅದರ ವಿಧಗಳನ್ನು ವಿವರಿಸಿ" ಎಂದು ಐದು ಅಂಕಕ್ಕೆ ಕೇಳುವುದಾದರೆ ಈ ವಿಷಯವನ್ನು ಪಾಠಪಟ್ಟಿಗೆ ತರುವುದೇ ಬೇಡ. ಬಾಯಿಪಾಠಕ್ಕೆ ಈಗಿರುವ ವಿಷಯಗಳೇ ಸಾಕಷ್ಟಿವೆ. ದೋಷ ಇರುವ ಒಂದು ಪ್ರೋಗ್ರಾಂ ಕೊಟ್ಟು ಹುಡುಕು ಎನ್ನಿ. ಹಾಜರಿ ಪುಸ್ತಕದಿಂದ ಶೇಕಡಾವಾರು ತೆಗೆ ಎನ್ನಿ. ಬಡ್ಡಿ ಲೆಕ್ಕ ಹಾಕು, ಸಂಘದ ಸಾಲದ ಕಂತಿಗೆ ತಾಳೆ ನೋಡು ಎನ್ನಿ. ಮಹಿಳಾ ಸಂಘದ ತಾಯಂದಿರು ಇಲ್ಲಿದ್ದೀರಿ, ನಿಮ್ಮ ಮಕ್ಕಳು ನಿಮ್ಮ ಸಾಲದ ಪುಸ್ತಕ ಕೇಳಿದರೆ ಕೊಡಿ.

ಕೃತಕ ಬುದ್ಧಿಮತ್ತೆಯ ಬಗ್ಗೆ ಪಾಲಕರೊಬ್ಬರು ಬಾಗಿಲಲ್ಲೇ ಕೇಳಿದರು. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು, ಕೇಳಿದರೆ ಪ್ರೋಗ್ರಾಂ ತಾನೇ ಬರೆದುಕೊಡುತ್ತದೆ, ಇನ್ನು ಮಕ್ಕಳಿಗೆ ಯಾಕೆ ಎಂದು. ಬರೆದುಕೊಡುತ್ತದೆ, ನಿಜ. ವಾರಬಂದಿಯ ಪಟ್ಟಿ ಮಾಡು ಎಂದರೆ ನಿಮಿಷದಲ್ಲಿ ಕೊಡುತ್ತದೆ. ಕಾಲುವೆ ತುಂಬುವ ಹೊತ್ತನ್ನು ಹಿಡಿ ಎಂದು ಹೇಳಬೇಕಾದವರು ನಾವು. ಆ ಹುಡುಗಿಗೆ ಹೊಲ ಗೊತ್ತಿತ್ತು, ಪಟ್ಟಿ ಹೇಗೆ ತಯಾರಾಯಿತು ಎಂಬುದೂ ಗೊತ್ತಿತ್ತು. ಎರಡೂ ಗೊತ್ತಿದ್ದರಿಂದ ಪ್ರಶ್ನೆ ಹುಟ್ಟಿತು. ಕ್ಯಾಲ್ಕುಲೇಟರ್ ಬಂದ ಮೇಲೂ ನಾವು ಮಗ್ಗಿ ಬಿಡಲಿಲ್ಲ, ಉತ್ತರ ಎಲ್ಲಿಯಾದರೂ ಎಡವಿದರೆ ತಿಳಿಯಲಿ ಎಂದು. ಯಂತ್ರ ಹೆಚ್ಚು ಬರೆದಷ್ಟೂ ಓದಿ ತಾಳೆ ನೋಡುವ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪೂಜ್ಯರು ಸಮಯದ ಕಡೆ ನೋಡುತ್ತಿದ್ದಾರೆ. ನಾನು ಬಂದ ಕೆಲಸ ಹೇಳಿ ಮುಗಿಸುತ್ತೇನೆ. ಶ್ರೀಮಠದ ಶಾಲೆಗಳ ಗಣಿತ ಶಿಕ್ಷಕರಲ್ಲಿ ಪ್ರತಿ ಶಾಲೆಯಿಂದ ಇಬ್ಬರು, ಅದರಲ್ಲಿ ಒಬ್ಬರು ಶಿಕ್ಷಕಿ, ಬರುವ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಇಲ್ಲಿಯೇ ಉಳಿಯಬೇಕು. ಪ್ರಸಾದ, ವಸತಿ ಇದೆ ಎಂದು ಆಡಳಿತದವರು ಒಪ್ಪಿದ್ದಾರೆ. ಕಲಿಸಲು ನಾನಿದ್ದೇನೆ, ಇನ್ನೂ ಮೂವರು ನಿವೃತ್ತರು ಬರುತ್ತೇವೆ ಎಂದಿದ್ದಾರೆ. ಜೂನ್‌ನಿಂದ ಆರನೇ ಮತ್ತು ಎಂಟನೇ ತರಗತಿಗೆ ವೇಳಾಪಟ್ಟಿಯಲ್ಲಿ ಎರಡು ಪೀರಿಯಡ್ ಬರೆದು ಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳುತ್ತೇನೆ. ಸಂಜೆ ತರಗತಿಯ ಕೊಠಡಿಯಲ್ಲಿ ಈಗ ಆರು ಯಂತ್ರ ಇವೆ, ಎರಡರ ಕೀಲಿಮಣೆ ಕೆಟ್ಟಿದೆ, ಕರೆಂಟು ಹೋದರೆ ಎಲ್ಲವೂ ನಿಲ್ಲುತ್ತವೆ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಇದ್ದವರು ತಂದು ಕೊಡಿ. ಬ್ಯಾಟರಿ ಅರ್ಧ ತಾಸು ನಿಂತರೂ ಸಾಕು, ಮುಕ್ತ ತಂತ್ರಾಂಶ ಹಾಕಿ ನಡೆಸುವುದನ್ನು ಒಂಬತ್ತನೇ ತರಗತಿಯ ಮಕ್ಕಳೇ ಕಲಿತಿದ್ದಾರೆ. ಹೆಸರು ಬರೆಸುವ ಪುಸ್ತಕ ಹೊರಗೆ ದಾಸೋಹದ ಬಾಗಿಲ ಪಕ್ಕದ ಮೇಜಿನ ಮೇಲಿದೆ.